ಹದಿನೆಂಟನೇ ಶತಮಾನವನ್ನು ಮೈಮೇಲೆ ತೊಟ್ಟವರು

1791ರ ಮಾರ್ಚಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಮರುವರ್ಷವೇ ಲಂಡನ್ನಿನ ಆಸ್ಟ್ಲಿ ರಂಗಶಾಲೆಯಲ್ಲಿ ಆ ಮುತ್ತಿಗೆ ಆಟವಾಗಿ ನಡೆಯಿತು. ಕುದುರೆಗಳ ಕಸರತ್ತಿಗೆ ಹೆಸರಾದ ಆ ಅಂಗಳದಲ್ಲಿ ನಟರು ಟಿಪ್ಪುವಾದರು, ಮೈಸೂರು ಸಿಪಾಯಿಗಳಾದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗಲೂ ಹೀಗೇ ಆಯಿತು. ಮುಂದಿನ ವರ್ಷ ರಾಬರ್ಟ್ ಕೆರ್ ಪೋರ್ಟರ್ ಆ ಕಾಳಗವನ್ನು ಸುಮಾರು 120 ಅಡಿ ಉದ್ದದ ಚಿತ್ರಪಟವಾಗಿ ಬರೆದ. ಲಂಡನ್ನಿನ ಜನ ದುಡ್ಡು ಕೊಟ್ಟು ನೋಡಿದರು. ನಮ್ಮ ಹದಿನೆಂಟನೇ ಶತಮಾನ ಇನ್ನೂ ಮುಗಿಯದಿರುವಾಗಲೇ ಗೆದ್ದವರು ಅದನ್ನು ವೇಷವಾಗಿ ತೊಟ್ಟು ಮೆರೆದಿದ್ದರು.

ಆ ಕಾಲವನ್ನು ಇಲ್ಲಿಯವರು ಹೇಗೆ ತೊಟ್ಟಿದ್ದಾರೆ? ಹಳೆಯ ಕಾಲದ ಉಡುಪು ಧರಿಸಿ, ಆ ಕಾಲದ ಕೆಲಸ ಮಾಡಿ, ನೋಡುವವರಿಗೆ ಆ ಬದುಕನ್ನು ತಿಳಿಸಿಕೊಡುವ ಪದ್ಧತಿಯನ್ನು ಇಂದು ಜೀವಂತ ಇತಿಹಾಸ ಎಂದು ಕರೆಯುತ್ತಾರೆ. ಹೊರಗೆ ಅದು ಬೆಳೆದ ಬಗೆಯನ್ನೂ, ಕರ್ನಾಟಕದಲ್ಲಿ, ಅದರಲ್ಲೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಅದಕ್ಕೆ ಹತ್ತಿರವಾದದ್ದು ಏನೇನಿದೆ ಎಂಬುದನ್ನೂ ಈ ಲೇಖನ ಪರಿಶೀಲಿಸುತ್ತದೆ.

ಹೊರಗಿನ ದಾರಿ

1891ರಲ್ಲಿ ಆರ್ಥರ್ ಹಾಜೇಲಿಯಸ್ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದ. ಸ್ವೀಡನ್ನಿನ ನಾನಾ ಭಾಗಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿ, ಆಯಾ ಪ್ರಾಂತದ ಉಡುಪು ತೊಟ್ಟ ಜನರನ್ನು ಅಲ್ಲಿರಿಸಿದ. ಅಮೆರಿಕದಲ್ಲಿ 1926ರಲ್ಲಿ ರಾಕ್‌ಫೆಲರ್ ಹಣದಿಂದ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನು ಹದಿನೆಂಟನೇ ಶತಮಾನದ ರೂಪಕ್ಕೆ ಮರಳಿಸುವ ಕೆಲಸ ಶುರುವಾಯಿತು. ಕಮ್ಮಾರ, ದರ್ಜಿ, ಬಡಗಿ, ಮುದ್ರಣಕಾರ ಮುಂತಾದವರು ಇಂದಿಗೂ ಅಲ್ಲಿ ಆ ಕಾಲದ ಉಪಕರಣಗಳಿಂದಲೇ ಕೆಲಸ ಮಾಡುತ್ತಾರೆ. 1962ರಲ್ಲಿ ಅಮೆರಿಕನ್ ಕ್ರಾಂತಿಯ ಸೈನಿಕರಂತೆ ಉಡುವ ಹವ್ಯಾಸಿಗಳು ಒಂದು ದಳವನ್ನೇ ಕಟ್ಟಿಕೊಂಡರು. 1976ರಲ್ಲಿ ಸ್ವಾತಂತ್ರ್ಯದ ಇನ್ನೂರನೇ ವರ್ಷದ ಸಂಭ್ರಮ ಬಂದಾಗ ಈ ಹವ್ಯಾಸ ಊರೂರಿಗೆ ಹಬ್ಬಿತು.

ಈ ಕೂಟಗಳ ಜೀವಾಳ ಶಿಸ್ತಿನಲ್ಲಿದೆ. ಹೊಲಿಗೆ ಯಂತ್ರ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ನಡುವೆ. ಹಾಗಾಗಿ ಕಣ್ಣಿಗೆ ಕಾಣುವ ಹೊಲಿಗೆಯೆಲ್ಲ ಕೈಯದೇ ಆಗಬೇಕು. ಪರ್ಕಿನ್ ಕೃತಕ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೆ ಮೊದಲಿನ ಬಟ್ಟೆಗೆ ನೀಲಿಗಿಡ, ಮಂಜಿಷ್ಠ, ಅರಗು ಕೊಟ್ಟ ಬಣ್ಣಗಳೇ ಸರಿ. ಕೋವಿಗೆ ಮದ್ದು ತುಂಬಬಹುದು, ಗುಂಡು ಹಾಕುವಂತಿಲ್ಲ. ಯಾವುದೇ ಗುಂಡಿ, ಬೆಲ್ಟು, ಪಾತ್ರೆ ತಂದರೂ ಅದು ಆ ಕಾಲದಲ್ಲಿ ಇತ್ತೆಂಬುದಕ್ಕೆ ಚಿತ್ರವೋ ಕಾಗದವೋ ವಸ್ತುವೋ ಆಧಾರವಾಗಿ ಬೇಕು.

ಈ ಕ್ಷೇತ್ರ ತನ್ನ ದೊಡ್ಡ ಕುರುಡನ್ನು ತಿದ್ದಿಕೊಳ್ಳಲು ಬಹಳ ಕಾಲ ಹಿಡಿಯಿತು. ಹದಿನೆಂಟನೇ ಶತಮಾನದ ವಿಲಿಯಮ್ಸ್‌ಬರ್ಗಿನ ಜನರಲ್ಲಿ ಸುಮಾರು ಅರ್ಧದಷ್ಟು ಕಪ್ಪು ಜನರು; ಬಹುಪಾಲು ಗುಲಾಮರು. ಆದರೂ ಅವರ ಬದುಕನ್ನು ಕಪ್ಪು ಕಲಾವಿದರೇ ಪಾತ್ರವಾಗಿ ಹೇಳತೊಡಗಿದ್ದು 1979ರಲ್ಲಿ. 1994ರಲ್ಲಿ ಗುಲಾಮರ ಹರಾಜನ್ನು ಬೀದಿಯಲ್ಲಿ ಅಭಿನಯಿಸಿದಾಗ ದೊಡ್ಡ ವಾದವೇ ಎದ್ದಿತು. ಅಧಿಕಾರಿಗಳ, ಶ್ರೀಮಂತರ ಅಂಗಿಯನ್ನಷ್ಟೇ ತೊಟ್ಟರೆ ಕಾಲದ ಮುಖ ಕಾಣುವುದಿಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು. ನಮಗೂ ಬೇಕಾದ ಪಾಠ ಅದೇ.

ಸಂಪಿಗೆಯ ಸುಧನ್ವ, ಗುಬ್ಬಿಯ ಕುರುಕ್ಷೇತ್ರ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯೇ ಹಂಸಧ್ವಜನ ಮಗ ಸುಧನ್ವ ಆಳಿದ ಚಂಪಕಾಪುರಿ ಎಂಬ ಪ್ರತೀತಿ ಇದೆ. ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದೂ ಉಳಿದ ಸುಧನ್ವನ ಕಥೆಯನ್ನು ಲಕ್ಷ್ಮೀಶನ ಜೈಮಿನಿ ಭಾರತ ಮನೆಮನೆಗೆ ತಲುಪಿಸಿತು. ಪುರಾಣದ ವೀರನನ್ನು ತಮ್ಮೂರಿನ ಅರಸನೆಂದು ನಂಬುವ ಜನರಿಗೆ ಅವನ ಕಿರೀಟ ತೊಡುವುದೆಂದರೆ ಊರಿನ ಹಳೆಯದನ್ನೇ ಮತ್ತೆ ಬದುಕುವುದು. ಈ ಸೀಮೆಯಲ್ಲಿ ಗತಕಾಲ ಮೈಮೇಲೆ ಬಂದದ್ದು ಮೊದಲು ಇಂಥ ಭಕ್ತಿಯ ದಾರಿಯಲ್ಲಿ.

ಅದರ ದೊಡ್ಡ ರೂಪ ಮೂಡಲಪಾಯ ಯಕ್ಷಗಾನ. ಭಾಗವತರ ಹಾಡು, ಮದ್ದಳೆ, ತಾಳ, ಮುಖವೀಣೆ. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರ ಹೊತ್ತು ಬೆಳಗಿನವರೆಗೆ ಕುಣಿಯುವ ರೈತರು. ಕರಿಭಂಟನ ಕಾಳಗ ಇಲ್ಲಿ ಮನೆಮಾತಾದ ಪ್ರಸಂಗ. ಕರಾವಳಿಯ ಮೇಳಗಳಿಗೆ ಸಿಕ್ಕ ಮನ್ನಣೆ ಇದಕ್ಕೆ ಸಿಗದೆ ಸೊರಗುತ್ತಿದ್ದಾಗ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅದನ್ನು ಅಧ್ಯಯನ ಮಾಡಿ ಮತ್ತೆ ಬೆಳಕಿಗೆ ತಂದರು.

ಎರಡನೆಯ ರೂಪ ಕಂಪನಿ ನಾಟಕ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ಕಂಪನಿಯಾಯಿತು. ಅವರ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅದರ ಪ್ರಭಾವ ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಜಾತ್ರೆಯ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು, ಡ್ರೆಸ್ಸು ಸೀನರಿ ಬಾಡಿಗೆಗೆ ತಂದು, ಕೈಯಿಂದ ದುಡ್ಡು ಹಾಕಿ ಭೀಮನೋ ದುರ್ಯೋಧನನೋ ಆಗುವ ತೆಂಗಿನ ಬೆಳೆಗಾರರು, ಮೇಷ್ಟ್ರುಗಳು ಈ ಸೀಮೆಯ ಊರೂರಲ್ಲಿದ್ದಾರೆ. ಪಶ್ಚಿಮದ ಹವ್ಯಾಸಿಗಳಲ್ಲಿರುವ ಶ್ರದ್ಧೆ ಇವರಲ್ಲೂ ಪೂರ್ತಿ ಇದೆ. ಆದರೆ ಆ ಮಖಮಲ್ಲು, ಜರಿ, ಗದೆಗಳು ಯಾವ ಶತಮಾನಕ್ಕೂ ಸೇರಿದವಲ್ಲ. ಸೇರಬೇಕೆಂದು ಅವರು ಬಯಸಿದವರೂ ಅಲ್ಲ.

ಇತಿಹಾಸ ರಂಗಕ್ಕೆ ಬಂದಾಗ

ಇಪ್ಪತ್ತನೇ ಶತಮಾನದಲ್ಲಿ ಸಂಸರು ಮೈಸೂರು ಅರಸರ ಚರಿತ್ರೆಯನ್ನು ನಾಟಕಗಳಾಗಿ ಬರೆದು ಹೊಸ ದಾರಿ ತೆರೆದರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ 1779ರಲ್ಲಿ ಹೈದರನಿಗೆ ಸೋತ ಚಿತ್ರದುರ್ಗದ ಕೊನೆಯ ದಿನಗಳನ್ನು ಓದುಗರ ಕಣ್ಣಮುಂದೆ ತಂದಿತು. ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳ ದಾಖಲೆಯನ್ನೇ ಆಧರಿಸಿ ನಾಟಕ ಬರೆದರು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತಿದರು. ಶಾಲೆಯ ವೇದಿಕೆಗಳಲ್ಲಿ ಇಂದು ಓಬವ್ವನಾಗಿ ನಿಲ್ಲುವ ಹುಡುಗಿಯರ ಗತ್ತಿನಲ್ಲಿ ಆ ಚಿತ್ರದ ನೆರಳಿದೆ.

ಈ ಹಾದಿಯಲ್ಲಿ ಒಂದು ದುರಂತವೂ ಇದೆ. ಟಿಪ್ಪುವಿನ ಕಥೆಯ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆಯುತ್ತಿದ್ದಾಗ, 1989ರ ಫೆಬ್ರವರಿ 8ರಂದು ಬೆಂಕಿ ಬಿದ್ದು 62 ಮಂದಿ ಸತ್ತರು. ಹಳೆಯ ಕಾಲವನ್ನು ಮರುಕಟ್ಟುವವರು ಯಾರೇ ಇರಲಿ, ಜನರ ಸುರಕ್ಷತೆ ಮೊದಲು ಎಂಬುದನ್ನು ಮರೆಯಬಾರದು.

ಮೆರವಣಿಗೆ ಮತ್ತು ಮನೆ

ಅರಮನೆಯ ಸಂಪ್ರದಾಯ ಇನ್ನೊಂದು ಕವಲು. ದಸರೆ ವಿಜಯನಗರದಿಂದ ಬಂದದ್ದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. 1971ರಲ್ಲಿ ರಾಜಧನ ರದ್ದಾದ ಬಳಿಕ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿ ಕುಳಿತಳು. ನೌಪತ್ ಆನೆ, ನಿಶಾನೆ ಆನೆ, ಪೇಟ ತೊಟ್ಟ ಪರಿವಾರ ಮಾತ್ರ ಇಂದಿಗೂ ಸಾಗುತ್ತವೆ. ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಇದನ್ನು ಯಾರೂ ಪುಸ್ತಕ ನೋಡಿ ಮರುಸೃಷ್ಟಿಸಿದ್ದಲ್ಲ. ತಂದೆಯಿಂದ ಮಗನಿಗೆ ಇಳಿದದ್ದು.

ಕೊಡಗಿನಲ್ಲಿ ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಗೆ ನಿಲ್ಲುವ ವರನನ್ನು ನೋಡಿ. ಸೆಪ್ಟೆಂಬರಿನ ಕೈಲ್‌ಪೊದ್ ಹಬ್ಬದಲ್ಲಿ ಕೋವಿಗಳಿಗೆ ಪೂಜೆ ನಡೆಯುತ್ತದೆ. ಹಳೆಯ ಉಡುಪು ಪ್ರದರ್ಶನವಾಗದೆ ಬದುಕಿನಲ್ಲೇ ಉಳಿದಿರುವ ನಾಡು ಅದು.

ಸರ್ಕಾರಿ ಉತ್ಸವಗಳ ಕಥೆ ಬೇರೆ. ಒನಕೆ ಓಬವ್ವ ಜಯಂತಿ 2021ರಿಂದ ಸರ್ಕಾರದ ಆಚರಣೆಯಾಗಿದೆ. 2015ರಲ್ಲಿ ಸರ್ಕಾರ ಆರಂಭಿಸಿದ ಟಿಪ್ಪು ಜಯಂತಿ ಗಲಭೆ, ವಿವಾದಗಳ ನಡುವೆ ಸಾಗಿ 2019ರಲ್ಲಿ ನಿಂತಿತು. ಹದಿನೆಂಟನೇ ಶತಮಾನದ ಅಂಗಿ ಇಂದಿನ ಬಾವುಟವಾದಾಗ ಆ ಕಾಲದ ಸಾಮಾನ್ಯ ಮನುಷ್ಯ ಇನ್ನಷ್ಟು ಹಿಂದೆ ಸರಿಯುತ್ತಾನೆ.

ನಮ್ಮಲ್ಲಿರುವ ಆಧಾರ

ಆ ಮನುಷ್ಯನನ್ನು ಹುಡುಕಲು ಸಾಮಗ್ರಿ ಕಡಿಮೆಯಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗ ಚಿತ್ರವಾಗಿದೆ. ಸವಾರ, ಸಿಪಾಯಿಗಳ ಉಡುಪನ್ನು ಅಲ್ಲಿ ಕಾಣಬಹುದು. ಡಾಲ್‌ಹೌಸಿಯ ಅಪ್ಪಣೆಯಂತೆ ಹತ್ತೊಂಬತ್ತನೇ ಶತಮಾನದ ನಡುವೆ ಅದನ್ನು ಮತ್ತೆ ಬರೆಸಿದ್ದರಿಂದ ಎಚ್ಚರದಿಂದ ಓದಬೇಕು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಟಿಪ್ಪು ಸೋತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಈ ನಾಡನ್ನು ಸುತ್ತಿದ. ಗುಬ್ಬಿಯ ಸಂತೆ, ನೇಯ್ಗೆ, ಕಂಬಳಿ, ತೆಂಗು ಅಡಿಕೆ ತೋಟಗಳ ಕುರಿತು ಅವನು ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಜೀವಂತ ಆಧಾರ ತಿಪಟೂರಿನ ಪಕ್ಕದಲ್ಲೇ ಇದೆ. ಮೈಸೂರು ಅರಸ ಚಿಕ್ಕದೇವರಾಜರ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ತೋಪು, ಸಾಮಾನು ಎಳೆಯಲು ಬಳಸಿದ. ಟಿಪ್ಪು ಆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಚಿದಂಬರಕ್ಕೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ ಹೈದರನ ಸೇನೆಯ ವೇಗಕ್ಕೆ ಈ ಎತ್ತುಗಳೇ ಕಾರಣವೆಂದು ಗೆಜೆಟಿಯರ್‌ಗಳು ಹೊಗಳುತ್ತವೆ. ಆ ತಳಿಯ ದನಗಳು ಅಜ್ಜಂಪುರ, ಕೊನೇಹಳ್ಳಿಗಳ ಸರ್ಕಾರಿ ಕೇಂದ್ರಗಳಲ್ಲಿ ಉಳಿದಿವೆ. ಈ ಸೀಮೆಯ ಕಾವಲುಗಳು ಅವುಗಳಿಗೆಂದೇ ಮೀಸಲಾಗಿದ್ದ ಹುಲ್ಲುಗಾವಲು.

ಆಗಬೇಕಾದದ್ದು

ಈ ಎಲ್ಲ ಕವಲುಗಳನ್ನು ಒಟ್ಟಿಗೆ ನೋಡಿದರೆ ನನಗೆ ಸ್ಪಷ್ಟವಾಗುವುದು ಇಷ್ಟು. ನಾವು ದೇವರನ್ನು ತೊಟ್ಟಿದ್ದೇವೆ, ವೀರರನ್ನು, ಅರಸರನ್ನು ತೊಟ್ಟಿದ್ದೇವೆ. ಆ ಕಾಲದಲ್ಲಿ ತೆಂಗಿನ ಸಸಿಗೆ ನೀರು ಹೊತ್ತವನನ್ನು, ಉಣ್ಣೆ ನೂತು ಕಂಬಳಿ ನೇಯ್ದವರನ್ನು, ದಂಡು ಬಂತೆಂದು ಮಗುವನ್ನೆತ್ತಿಕೊಂಡು ಓಡಿದವಳನ್ನು ಇನ್ನೂ ತೊಟ್ಟಿಲ್ಲ. ಅವರು ಹೊಲಿದ ಬಟ್ಟೆ ಎಷ್ಟು ತೊಡುತ್ತಿದ್ದರು, ಸುತ್ತಿ ಉಡುವುದು, ಹೊದೆಯುವುದು ಎಷ್ಟು, ಯಾವ ಜಾತಿಯವರಿಗೆ ಏನು ತೊಡಲು ತಡೆಯಿತ್ತು ಎಂಬುದನ್ನು ಹುಡುಕಿ ಉಟ್ಟಾಗ ಮಾತ್ರ ನಮ್ಮಲ್ಲೂ ಜೀವಂತ ಇತಿಹಾಸ ಶುರುವಾದಂತೆ.

ಅದಕ್ಕೆ ಕೋಟೆ ಬೇಕಿಲ್ಲ, ಸುಳ್ಳು ಕಾಳಗವೂ ಬೇಕಿಲ್ಲ. ಬುಕನನ್ ಕಂಡಂಥ ಒಂದು ಸಂತೆ ಸಾಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಆಧಾರ ಹುಡುಕಲಿ. ಕುರುಬರು, ನೇಕಾರರು, ದರ್ಜಿಗಳು ಬಟ್ಟೆ ಸಿದ್ಧಪಡಿಸಲಿ. ಕುರುಕ್ಷೇತ್ರಕ್ಕೆ ತಿಂಗಳುಗಟ್ಟಲೆ ದುಡಿಯುವ ಹವ್ಯಾಸಿಗಳು ಆ ಸಂತೆಯ ವ್ಯಾಪಾರಿಗಳಾಗಿ, ಗಿರಾಕಿಗಳಾಗಿ ಒಂದು ಹಗಲು ಕಳೆಯಲಿ. ಬೆಂಕಿಪೊಟ್ಟಣ, ಸೀಮೆಎಣ್ಣೆ, ಪಾಲಿಯೆಸ್ಟರ್ ಹೊರಗಿರಲಿ; ಹಣತೆಗೆ ಹೊಂಗೆಯೆಣ್ಣೆ, ಹಿಪ್ಪೆಯೆಣ್ಣೆ ಇರಲಿ. ಎಲ್ಲ ಕೇರಿಯವರೂ ತಮ್ಮ ಹಿರಿಯರ ಪಾಲನ್ನು ತಾವೇ ಹೇಳಲಿ. ಕಲ್ಪತರು ನಾಡಿನ ಜನಕ್ಕೆ ಬಣ್ಣ ಹಚ್ಚುವುದು ಹೊಸದಲ್ಲ. ಈ ಸಲ ಮುತ್ತಜ್ಜನ ಮುತ್ತಜ್ಜ ಉಟ್ಟ ಬಟ್ಟೆಯನ್ನೇ ಹುಡುಕಿ ಉಡಿ ಎಂಬುದು ಅವರಲ್ಲಿ ನನ್ನ ಮನವಿ.