ಧೈರ್ಯ ಹೇಳುವ ಕೆಲಸದ ಹಿಂದಿನ ದಾರಿ

ಕಷ್ಟದಲ್ಲಿರುವವರಿಗೆ ಧೈರ್ಯ ಹೇಳುವ ಕೆಲಸ ಕನ್ನಡದಲ್ಲಿ ವೇದಿಕೆಯ ಮಾತುಗಾರರಿಂದ, ಮೊಬೈಲಿನಲ್ಲಿ ಹರಿದಾಡುವ ಎರಡು ನಿಮಿಷದ ವಿಡಿಯೊಗಳಿಂದ ಶುರುವಾಯಿತು ಎನ್ನುವ ಧಾಟಿ ಈಚೆಗೆ ಹೆಚ್ಚುತ್ತಿದೆ. ಆಪ್ತ ಸಲಹೆಯ ಕುರ್ಚಿಯಲ್ಲಿ ಬಹುಕಾಲ ಕೂತಿರುವ ನನಗೆ ಇದನ್ನು ಸುಮ್ಮನೆ ಕೇಳಿಕೊಂಡಿರುವುದು ಕಷ್ಟ.

ಹಳೆಯದನ್ನು ಬೇಗ ಮುಗಿಸುತ್ತೇನೆ. ವಚನ, ದಾಸರ ಪದ, ತತ್ವಪದ, 1943ರಲ್ಲಿ ಬಂದ ಡಿವಿಜಿಯವರ ಕಗ್ಗ ಎಲ್ಲವೂ ನೊಂದವರಿಗೆ ಆಸರೆಯಾಗಿವೆ. ಆದರೆ ಅವು ಎಲ್ಲರಿಗೂ ಒಟ್ಟಾಗಿ ಹೇಳಿದ ಮಾತು. ಎದುರಿಗೆ ಕೂತ ಒಬ್ಬರ ಕಷ್ಟವನ್ನು ಶಿಸ್ತಿನಿಂದ ಕೇಳಿಸಿಕೊಳ್ಳುವ ವಿದ್ಯೆಗೆ ಬೇರೆಯೇ ಚರಿತ್ರೆಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮನೆಯಿಂದ 'ಆಕಾಶವಾಣಿ' ನಡೆಸಿದವರು. ನಾಡು ನೆನಪಿಟ್ಟುಕೊಂಡದ್ದು ರೇಡಿಯೊವನ್ನು ಮಾತ್ರ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ತರಬೇತಿ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಈ ಮನಶ್ಶಾಸ್ತ್ರವನ್ನು ಕನ್ನಡಕ್ಕೆ ತಂದವರು ಸಾಹಿತಿಗಳು. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸುತ್ತಲೇ 'ಮನ ಮಂಥನ' ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ಕಾದಂಬರಿ 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆದಾಗ ನಾವೆಲ್ಲ ನಾಯಕಿ ಕಾವೇರಿಯ ಹುಚ್ಚನ್ನೇ ನೋಡಿ ಬಂದೆವು. ಗುಣವಾಗಿ ಮನೆಗೆ ಬಂದವಳ ಜೊತೆ ಹೇಗೆ ಮಾತಾಡಬೇಕಿತ್ತು ಎಂಬ ಪ್ರಶ್ನೆ ಮಾತ್ರ ಥಿಯೇಟರಿನಲ್ಲೇ ಉಳಿಯಿತು.

ಎಪ್ಪತ್ತರ ದಶಕದ ಕೊನೆಗೆ ದಿಕ್ಕು ಬದಲಾಯಿತು. ನಿಮ್ಹಾನ್ಸಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಆಮೇಲೆ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಸಹಾಯಕಿಯರಿಗೇ ಮಾನಸಿಕ ಆರೋಗ್ಯದ ಕೆಲಸ ಕಲಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಸಣ್ಣ ಸಣ್ಣ ಪುಸ್ತಕಗಳಲ್ಲಿ ಖಿನ್ನತೆ, ಗೀಳು, ಭಯಗಳನ್ನು ಹಳ್ಳಿಯ ಓದುಗರಿಗೆ ತಿಳಿಯುವಂತೆ ಬರೆದರು. ನಿವೃತ್ತಿಯ ಮೇಲೆ 'ಸಮಾಧಾನ' ಕೇಂದ್ರದಲ್ಲಿ ಉಚಿತವಾಗಿ ಸಲಹೆ ಕೊಟ್ಟರು. 2024ರ ಪದ್ಮಶ್ರೀ ತಡವಾಗಿಯೇ ಬಂತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಸಿನಿಮಾದ ದಾರಿ ಹಿಡಿದರು, 1988ರ 'ಕಾಡಿನ ಬೆಂಕಿ' ಆ ಸಾಹಸದ ಫಲ.

ಮೇಷ್ಟ್ರುಗಳು, ಗೃಹಿಣಿಯರು, ನಿವೃತ್ತ ನೌಕರರು ಆಪ್ತ ಸಲಹೆ ಕಲಿತದ್ದು ಈ ಕಾಲದಲ್ಲಿ. ಕಲಿತದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. 'ಏನೂ ಆಗಲ್ಲ ಬಿಡಿ' ಅನ್ನುವುದನ್ನು ಬಿಟ್ಟೆವು. 'ನಿಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ' ಅನ್ನುವುದು ಇನ್ನೂ ಕೆಟ್ಟದ್ದು. ದುಃಖದ ಮೇಲೆ ತಪ್ಪಿತಸ್ಥ ಭಾವವನ್ನೂ ಹೇರುತ್ತದೆ. ಅದರ ಬದಲು ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಕೇಳುವುದು. ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿ ಕೇಳುವುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಎಷ್ಟೋ ಜನ ಕೇಳಿದ ಮೇಲೇ ಹಗುರಾಗುತ್ತಾರೆ. ದೊಡ್ಡ ತೊಂದರೆಯಲ್ಲಿ ಇವತ್ತು ಮಾಡಬಹುದಾದ ಒಂದು ತುಣುಕನ್ನು ಅವರೇ ಆರಿಸುವಂತೆ ಬಿಡುವುದು, ಬರುವ ವಾರ ಮತ್ತೆ ಬರಹೇಳುವುದು, ಔಷಧಿ ಬೇಕೆನಿಸಿದರೆ ತಡಮಾಡದೆ ಡಾಕ್ಟರ ಬಳಿ ಕಳಿಸುವುದು.

ಇದೇ ಕಾಲದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಮನೆಮನೆಗೆ ಹೋಯಿತು. ಒಳ್ಳೆಯ ಪುಸ್ತಕ, ಓದುವ ತ್ರಾಣ ಉಳಿದವರಿಗೆ. ಖಿನ್ನತೆಯಲ್ಲಿ ಮುಳುಗಿದವರಿಗೆ ಒಂದು ಪುಟ ದಾಟುವುದೂ ಭಾರ. ತೆಲುಗು ಲೇಖಕ ಯಂಡಮೂರಿಯವರ ಪುಸ್ತಕಗಳ ಅನುವಾದಗಳು, ಅವುಗಳ ಹಿಂದೆ ಬಂದ ವ್ಯಕ್ತಿತ್ವ ವಿಕಸನದ ಶಿಬಿರಗಳು ಗೆಲ್ಲಹೊರಟವರಿಗಾಗಿ. ಸೋತು ಕೂತವರನ್ನು ಅಲ್ಲಿಗೆ ಕಳಿಸುವ ಪರಿಪಾಠ ಯಾಕೆ ಬಂತೋ ಕಾಣೆ.

ರೈತರ ಆತ್ಮಹತ್ಯೆಯ ವಿಚಾರದಲ್ಲಿ ನಮ್ಮ ಕ್ಷೇತ್ರ ನುಣುಚಿಕೊಂಡಿತು. 2002ರಲ್ಲಿ ಡಾ. ಜಿ.ಕೆ. ವೀರೇಶ್ ಸಮಿತಿಯ ವರದಿ ಸಾಲ, ಬೆಳೆನಷ್ಟಕ್ಕಿಂತ ಕುಡಿತ, ಸಂಸಾರದ ಜಗಳಗಳ ಕಡೆ ಬೆರಳು ತೋರಿಸಿತೆಂದು ಟೀಕೆ ಎದ್ದಿತು. ನಾವು ಆ ಚರ್ಚೆಯಲ್ಲಿ ಗಟ್ಟಿಯಾಗಿ ಮಾತಾಡಲಿಲ್ಲ. ಲೇವಾದೇವಿಯವನು ಬಾಗಿಲಲ್ಲಿ ನಿಂತಿರುವಾಗ ಮನಸ್ಸನ್ನು ಗಟ್ಟಿಮಾಡಿಕೊಳ್ಳಿ ಎನ್ನುವುದು ಸಲಹೆಯಲ್ಲ. ಸಹಕಾರ ಸಂಘಕ್ಕೆ ಅರ್ಜಿ ಬರೆದುಕೊಟ್ಟು ಜೊತೆಗೆ ಹೋಗುವುದು ಸಲಹೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತೆ ನೋಡುವುದನ್ನು ಸಡಿಲಿಸಿತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇವು ದೊಡ್ಡ ಹೆಜ್ಜೆಗಳೇ. ಆದರೆ ಅದಕ್ಕೂ ಮುಂಚೆ, ಕೋವಿಡ್ ಕಾಲದಲ್ಲಿ, ಸಾವಿನ ಮನೆಗೆ ಯಾರೂ ಹೋಗಲಾಗದೆ ಉಳಿದಾಗ ಒಂದು ಸಂಗತಿ ಬಯಲಾಯಿತು: ಅನ್ನ ಸಾರು ಹೊತ್ತು ತಂದು ಜಗಲಿಯಲ್ಲಿ ಕೂರುವ ನೆರೆಯ ಹೆಂಗಸರನ್ನು ನಾವು ಯಾವ ಸಮೀಕ್ಷೆಯಲ್ಲೂ ಸೇರಿಸಿಲ್ಲ. ನಾನೂ ಮೇಲೆ ಹೆಚ್ಚಾಗಿ ಡಾಕ್ಟರುಗಳ ಹೆಸರನ್ನೇ ಹೇಳಿದೆ, ಕಾಗದದ ಮೇಲೆ ಸಿಗುವುದು ಅವೇ. ಬಳ್ಳಾರಿಯ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧಗಳಿವೆ. ಅಲ್ಲಿ ಮನೆಮನೆಗೆ ನಡೆದ ಆರೋಗ್ಯ ಸಹಾಯಕಿಯರು ಯಾವ ಮಾತು ಆಡಿದರು, ಎಲ್ಲಿ ಸುಮ್ಮನಾದರು, ಲಂಬಾಣಿ ತಾಂಡಾದಲ್ಲಿ ಹೇಗೆ ನಿಭಾಯಿಸಿದರು ಎಂಬುದು ಅವರ ನೆನಪಿನಲ್ಲಷ್ಟೇ ಇದೆ. ಅವರಿಗೆಲ್ಲ ನಿವೃತ್ತಿಯಾಗಿ ವರ್ಷಗಳಾದವು. ಕೂತು ಕೇಳಿ ಬರೆದುಕೊಳ್ಳುವ ಸಂಶೋಧಕರು ಹೊರಡಬೇಕಾದದ್ದು ಅತ್ತ.