ಕಸುಬಿನ ಬೆನ್ನಿಗೆ ಬಂದ ದೇವರುಗಳು

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಹಳೇ ಪೇಟೆ ಮಲಗುವುದಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ಸಂಜೆಯಿಂದಲೇ ಜನ ಜಮಾಯಿಸುತ್ತಾರೆ. ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾರೆ, ಕೆಲವರು ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಕಾಲು ಚಾಚಿ ತೂಕಡಿಸುತ್ತಿರುತ್ತಾರೆ. ನಡುರಾತ್ರಿ ಕಳೆದ ಮೇಲೆ ಇದ್ದಕ್ಕಿದ್ದಂತೆ ‘ಗೋವಿಂದಾ ಗೋವಿಂದ’ ಎಂಬ ಕೂಗು ಏಳುತ್ತದೆ. ಅರಿಶಿನ ಬಣ್ಣದ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯ ಗೋಪುರದಂಥ ಕರಗ ಹೊತ್ತ ಪೂಜಾರಿ ಹೊರಗೆ ಬರುತ್ತಾನೆ. ಆ ರಾತ್ರಿಯ ಮಟ್ಟಿಗೆ ಅವನು ದ್ರೌಪದಿ. ಸುತ್ತ ಬರಿಗತ್ತಿ ಹಿಡಿದ ವೀರಕುಮಾರರು.

ಕರಗ ಪೇಟೆಯ ಗಲ್ಲಿಗಲ್ಲಿ ಸುತ್ತುತ್ತದೆ. ಗುಡಿಗಳ ಮುಂದೆ ನಿಲ್ಲುತ್ತದೆ, ಪೂಜೆ ಪಡೆಯುತ್ತದೆ, ಮತ್ತೆ ಹೊರಡುತ್ತದೆ. ಕಾಟನ್‌ಪೇಟೆಗೆ ಬಂದಾಗ ಅದು ಹೊಗುವುದು ಹಜರತ್ ತವಕ್ಕಲ್ ಮಸ್ತಾನ್ ದರ್ಗಾದ ಬಾಗಿಲನ್ನು. ಹೈದರ್ ಅಲಿಯ ಕಾಲದಲ್ಲಿ ಕೋಟೆ ಕಟ್ಟುವ ಕೆಲಸಕ್ಕೆ ಕಲ್ಲುಮಣ್ಣು ಹೊತ್ತವರ ಸಾಲಿನಲ್ಲಿ ಈ ಸಂತರೂ ಇದ್ದರೆಂಬುದು ದರ್ಗಾದ ಸುತ್ತ ಉಳಿದುಬಂದ ಐತಿಹ್ಯ. ಕೆಲವು ವರ್ಷಗಳ ಹಿಂದೆ ಕರಗ ಅಲ್ಲಿಗೆ ಹೋಗಕೂಡದು ಎಂಬ ಕೂಗು ಎದ್ದಿತ್ತು. ಗುಡಿಯವರು ಹಳೆಯ ಪದ್ಧತಿ ಬಿಡಲಿಲ್ಲ, ದರ್ಗಾದವರೂ ಬಾಗಿಲು ಹಾಕಲಿಲ್ಲ.

ಕರಗ ತಿಗಳರ ಹಬ್ಬ. ತಿಗಳರು ತೋಟಗಾರರು, ಊರಿಗೆ ಹೂವು ತರಕಾರಿ ಬೆಳೆದುಕೊಟ್ಟವರು. ಅವರ ತೋಟಗಳಿಗೆ ನೀರಿನ ಆಸರೆಯಾಗಿದ್ದ ಕೆರೆಗಳಲ್ಲಿ ಸಂಪಂಗಿ ಕೆರೆಯೂ ಒಂದು. ಕೆರೆ ಈಗಿಲ್ಲ. ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಮೂಲೆಯಲ್ಲಿ ಒಂದು ಪುಟ್ಟ ಕುಂಟೆ ಮಾತ್ರ ಉಳಿದಿದ್ದು, ಹಸಿ ಕರಗದ ವಿಧಿ ಇಂದಿಗೂ ಅದರ ದಡದಲ್ಲೇ ನಡೆಯುತ್ತದೆ. ತೋಟ ಹೋಯಿತು, ಕೆರೆ ಹೋಯಿತು. ತೋಟಗಾರರ ದೇವರು ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿದು ಬರುತ್ತಿದೆ.

ಬೆಂಗಳೂರಿನ ಗುಡಿ, ಮಸೀದಿ, ಚರ್ಚುಗಳನ್ನು ಒಂದೊಂದಾಗಿ ನೋಡುತ್ತ ಹೊರಟರೆ ಸಿಗುವ ಕಥೆಗಳಲ್ಲಿ ಬಹುಪಾಲು ಇಂಥವೇ. ಯಾರು ಯಾವ ಕೆಲಸ ಹಿಡಿದು ಈ ಊರಿಗೆ ಬಂದರೋ ಅವರ ದೇವರೂ ಗಂಟುಮೂಟೆಯ ಜೊತೆ ಬಂದಿತು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಲೆಕ್ಕಾಚಾರವೇ ಕಸುಬಿನದು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೇಪೇಟೆ: ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಮಾರುತ್ತಿದ್ದರು ಎಂಬುದು ತಿಳಿಯುತ್ತದೆ. ಊರ ಹೊರಗಿನ ದಿಣ್ಣೆಯ ಮೇಲೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವಣ್ಣನಿಗೂ ಬೆಳೆಗಾರರ ನಂಟಿದೆ. ಕಾರ್ತಿಕದ ಕೊನೆಯ ಸೋಮವಾರ ಸುತ್ತಲ ಹಳ್ಳಿಗಳ ರೈತರು ಹೊಸ ಕಡಲೆಕಾಯಿಯನ್ನು ಅವನ ಮುಂದೆ ತಂದು ಸುರಿಯುತ್ತಾರೆ. ಬಸವನಗುಡಿಯ ರಸ್ತೆಯುದ್ದಕ್ಕೂ ಸೇರಿನ ಅಳತೆಯಲ್ಲಿ ವ್ಯಾಪಾರ ನಡೆಯುವ ಆ ಪರಿಷೆಗೆ ಈಗ ಬರುವವರಲ್ಲಿ ಹೊಲವನ್ನೇ ಕಾಣದವರು ಹೆಚ್ಚು.

17ನೇ ಶತಮಾನದ ಕೊನೆಯ ಭಾಗವಂತೂ ಸ್ವಾರಸ್ಯಕರ. 1669ರಲ್ಲಿ ಬೆಂಗಳೂರು ಶಿವಾಜಿಯ ಮಲಸಹೋದರ ಏಕೋಜಿಯ ಕೈಯಲ್ಲಿತ್ತು. ಅವನು ಮಲ್ಲಪುರದ ಮಲ್ಲಿಕಾರ್ಜುನನಿಗೆ ಊರೊಂದನ್ನು ದತ್ತಿ ಬಿಟ್ಟ ಶಾಸನ ಕಾಡು ಮಲ್ಲೇಶ್ವರ ಗುಡಿಯ ಬಳಿ ಇದೆ. ಇಡೀ ಮಲ್ಲೇಶ್ವರಂ ಬಡಾವಣೆಗೆ ಹೆಸರು ಬಂದಿದ್ದು ಈ ದೇವರಿಂದ. 1687ರಲ್ಲಿ ಮೊಘಲರ ಸೇನಾಪತಿ ಖಾಸಿಂ ಖಾನ್ ಊರನ್ನು ಹಿಡಿದ. ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ ಆ ಕಾಲದ ಕಿಲ್ಲೇದಾರನಿಂದ ಶುರುವಾಯಿತೆಂದು ಸ್ಥಳೀಯರು ಹೇಳುತ್ತಾರೆ. ಸ್ವಲ್ಪ ಕಾಲದಲ್ಲೇ ಬೆಂಗಳೂರು ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು, ಕೋಟೆಯೊಳಗೆ ವೆಂಕಟರಮಣಸ್ವಾಮಿಯ ಗುಡಿ ಎದ್ದಿತು. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಮೂವರು ಒಡೆಯರು, ಮೂರು ಬಾಗಿಲುಗಳು. ಒಂದರಿಂದ ಇನ್ನೊಂದಕ್ಕೆ ಆಟೋದಲ್ಲಿ ಹೋದರೆ, ಟ್ರಾಫಿಕ್ ಕೃಪೆ ತೋರಿದ ದಿನ, ಅರ್ಧ ಗಂಟೆ ಸಾಕು.

ಕೋಟೆ ವೆಂಕಟರಮಣನ ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಗುಡಿಯ ಗಂಟೆ ಅರಮನೆಯ ಮರದ ಕಂಬಗಳ ನಡುವೆ ನಿಂತವರಿಗೂ ಕೇಳುತ್ತದೆ. 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲೀಸನ ಸೇನೆ ಮೊದಲು ಪೇಟೆಯನ್ನು, ಎರಡು ವಾರದೊಳಗೆ ಕೋಟೆಯನ್ನು ಹಿಡಿಯಿತು. ಆಗ ಹಾರಿದ ಗುಂಡೊಂದು ಟಿಪ್ಪುವಿಗೆ ತಗಲದೆ ಗುಡಿಯ ಗರುಡಗಂಬಕ್ಕೆ ಬಡಿಯಿತು, ಸ್ವಾಮಿಯೇ ಸುಲ್ತಾನನನ್ನು ಕಾಪಾಡಿದ ಎಂಬ ಕಥೆಯನ್ನು ಕೋಟೆಯ ಆಸುಪಾಸಿನಲ್ಲಿ ಇಂದಿಗೂ ಹೇಳುತ್ತಾರೆ.

ಕೋಟೆ ಬಿದ್ದ ಎರಡು ದಶಕಗಳೊಳಗೆ ಬೆಂಗಳೂರಿನ ಪಕ್ಕದಲ್ಲಿ ಇನ್ನೊಂದು ಬೆಂಗಳೂರು ಹುಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಬ್ರಿಟಿಷರು ಮೊದಲು ಅಲ್ಲೇ ಬೀಡುಬಿಟ್ಟಿದ್ದರು. ಆದರೆ ಸೊಳ್ಳೆ ಮತ್ತು ಜ್ವರ ಸಿಪಾಯಿಗಳನ್ನು ಹಣ್ಣುಮಾಡಿದವು. 1809ರ ಸುಮಾರಿಗೆ ದಂಡು ಹಲಸೂರಿನ ಬಯಲಿಗೆ ಬಂತು. ಕನ್ನಡದ ಬಾಯಲ್ಲಿ ಕಂಟೋನ್ಮೆಂಟ್ ಇವತ್ತಿಗೂ ‘ದಂಡು’. ದಂಡಿಗೆ ಮೈದಾನ ಬೇಕು, ಬ್ಯಾರಕ್ ಬೇಕು, ಮಾರುಕಟ್ಟೆ ಬೇಕು, ಭಾನುವಾರಕ್ಕೆ ಚರ್ಚೂ ಬೇಕು.

ಸೇಂಟ್ ಮಾರ್ಕ್ಸ್ ಚರ್ಚು 1812ರಲ್ಲಿ ಮುಗಿಯಿತು. ನಾಲ್ಕು ವರ್ಷಗಳ ನಂತರ ಕಲ್ಕತ್ತೆಯ ಬಿಷಪ್ ಬಂದು ಪ್ರತಿಷ್ಠೆ ಮಾಡಿದರು. 1923ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಈಗ ಕಾಣುವ ಗುಮ್ಮಟದ ಕಟ್ಟಡ ಆಮೇಲೆ ಸರಿಪಡಿಸಿದ್ದು. ಪರೇಡ್ ಮೈದಾನದ ಪೂರ್ವದ ತುದಿಯಲ್ಲಿ, ಇಂದಿನ ಮಹಾತ್ಮ ಗಾಂಧಿ ರಸ್ತೆ ಮುಗಿಯುವಲ್ಲಿ, 1850ರ ದಶಕದ ಆರಂಭದಲ್ಲಿ ಹೋಲಿ ಟ್ರಿನಿಟಿ ಎದ್ದಿತು. ಅದರ ಗೋಡೆಗಳ ತುಂಬ ಸತ್ತ ಅಧಿಕಾರಿಗಳ ಹೆಸರು ಕೆತ್ತಿದ ಫಲಕಗಳು. ಸ್ಕಾಟ್ಲೆಂಡಿನ ಸಿಪಾಯಿಗಳು ಇಂಗ್ಲಿಷರ ಚರ್ಚಿಗೆ ಹೋಗುವವರಲ್ಲ. ಅವರಿಗಾಗಿ 1860ರ ದಶಕದಲ್ಲಿ ಕಬ್ಬನ್ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಸೇಂಟ್ ಆಂಡ್ರೂಸ್ ಬಂತು. ಇವುಗಳ ನಡುವಿನ ಅಂತರ ನಡೆದುಹೋಗುವಷ್ಟೇ. ಪಂಥದ ಅಂತರ ದೊಡ್ಡದಿತ್ತು. ಈ ಮೂರೂ ಈಗ ದಕ್ಷಿಣ ಭಾರತ ಸಭೆಯ ಸೂರಿನಡಿ ಇವೆ. ಸಭೆ ರೂಪುಗೊಂಡಿದ್ದು 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮರುತಿಂಗಳು.

ದಂಡಿನ ಇನ್ನೊಂದು ಬದಿ ಸಿಪಾಯಿಗಳ ಸೇವೆಗೆ, ವ್ಯಾಪಾರಕ್ಕೆ ಬಂದ ತಮಿಳರದು. ಇಂದಿನ ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಳ್ಳಿ ಎಂಬ ಹೆಸರು. ಸೆಂಜಿಯ ಕಡೆಯಿಂದ ಬಂದು ನೆಲೆಸಿದ್ದ ಕ್ರೈಸ್ತರಿಗಾಗಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1818ರಲ್ಲಿ ಅಲ್ಲೊಂದು ಪ್ರಾರ್ಥನಾಲಯ ಕಟ್ಟಿದರು. ದುಬಾಯ್ ಮೈಸೂರು ಸೀಮೆಯಲ್ಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ಹಳ್ಳಿಹಳ್ಳಿ ತಿರುಗಿದವರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದವರು. ಆ ಪುಟ್ಟ ಪ್ರಾರ್ಥನಾಲಯದ ಜಾಗದಲ್ಲಿ ಇಂದು ನಿಂತಿರುವುದು ಚೂಪು ಗೋಪುರದ ಸೇಂಟ್ ಮೇರಿ ಬೆಸಿಲಿಕಾ, 1882ರಲ್ಲಿ ಪ್ರತಿಷ್ಠೆಗೊಂಡಿದ್ದು.

ಆಗಸ್ಟ್ 29ರಂದು ಅಲ್ಲಿ ಬಾವುಟ ಏರುತ್ತದೆ. ಸೆಪ್ಟೆಂಬರ್ 8ರವರೆಗೆ ಬಸ್ ನಿಲ್ದಾಣದಿಂದ ಚರ್ಚಿನ ಬಾಗಿಲವರೆಗೂ ಜನವೋ ಜನ. ಕಾವಿ ಸೀರೆಯುಟ್ಟ ಹೆಂಗಸರು, ಕಾವಿ ಅಂಗಿ ತೊಟ್ಟ ಮಕ್ಕಳು. ಮೇಣದ ಕೈಕಾಲು, ಮೇಣದ ತೊಟ್ಟಿಲು, ಮೇಣದ ಮನೆ ಮಾರುವ ತಳ್ಳುಗಾಡಿಗಳು: ಕಾಲು ನೋವಿದ್ದವರು ಕಾಲನ್ನು, ಮಗು ಬೇಕಾದವರು ತೊಟ್ಟಿಲನ್ನು ಕೊಂಡು ಒಪ್ಪಿಸುತ್ತಾರೆ. ಒಳಗೆ ಮೇರಿಗೆ ಸೀರೆ ಉಡಿಸಿರುತ್ತದೆ. ಹಬ್ಬದ ಸಂಜೆ ತೇರು ಹೊರಡುತ್ತದೆ. ಸಾಲಿನಲ್ಲಿ ನಿಂತವರ ಹಣೆ ನೋಡಿದರೆ ಅರ್ಧಕ್ಕರ್ಧ ಕುಂಕುಮ. ಬುರ್ಖಾ ತೊಟ್ಟವರೂ ಕಾಣುತ್ತಾರೆ. ಅವರ ಬಾಯಲ್ಲಿ ಅವಳು ‘ಆರೋಗ್ಯ ಮಾತೆ’. ಬೆಸಿಲಿಕಾ ಎಂಬ ಪದವಿ ಬಂದಿದ್ದು 1973ರಲ್ಲಿ, ರೋಮಿನಿಂದ. ಹರಕೆಯ ಪದ್ಧತಿಗೆ ಯಾರ ಪದವಿಯೂ ಬೇಕಿರಲಿಲ್ಲ.

ದಂಡು ಎಂದರೆ ಕುದುರೆ. 1824ರಲ್ಲಿ ಇರಾನಿನ ಶಿರಾಜ್‌ನಿಂದ ಹದಿಹರೆಯದ ವ್ಯಾಪಾರಿಯೊಬ್ಬ ಕುದುರೆಗಳ ಹಿಂಡಿನೊಂದಿಗೆ ಬೆಂಗಳೂರಿಗೆ ಬಂದಿಳಿದ. ಹೆಸರು ಆಗಾ ಅಲಿ ಅಸ್ಕರ್. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಕುದುರೆಯೆಂದರೆ ಪ್ರಾಣ. ಇಬ್ಬರ ಗೆಳೆತನ ಗಟ್ಟಿಯಾಯಿತು. ಕುದುರೆ ಮಾರಿದ ಹಣದಲ್ಲಿ ಆಗಾ ಊರ ತುಂಬ ಬಂಗಲೆ ಕಟ್ಟಿಸಿದ. ಅವನ ಹೆಸರಿನ ರಸ್ತೆ ಇಂದಿಗೂ ಇದೆ. ಅವನ ಮೊಮ್ಮಗನೇ ಮುಂದೆ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್. ಶಿಯಾಗಳ ಮಸೀದಿ-ಎ-ಅಸ್ಕರಿ ಇರುವುದು ರಿಚ್ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್ ಬಳಿ. ಆ ಮಾರುಕಟ್ಟೆಯ ಜಾಗದಲ್ಲೇ ಆಗಾನ ಲಾಯವಿತ್ತೆಂದು ಹಳಬರು ಹೇಳುತ್ತಾರೆ. ಮೊಹರಂನ ಹತ್ತನೆಯ ದಿನ ಆ ರಸ್ತೆಯಲ್ಲಿ ಕಪ್ಪು ಬಟ್ಟೆಯ ಮೆರವಣಿಗೆ ಸಾಗುವಾಗ ಮಾಂಸದ ಅಂಗಡಿ, ಸಮೋಸಾ ಅಂಗಡಿಗಳೆಲ್ಲ ಸುಮ್ಮನಾಗುತ್ತವೆ.

ಪೇಟೆಯ ಕಡೆಗೂ ಪಾದ್ರಿಗಳು ಬಂದರು. ಅವರ ಕೈಯಲ್ಲಿದ್ದ ಕಸುಬು ಕನ್ನಡ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದು ಐವತ್ತು ವರ್ಷ ಇಲ್ಲೇ ಇದ್ದು, 1887ರಲ್ಲಿ ಇಲ್ಲೇ ತೀರಿಕೊಂಡರು. ಬೋಧಿಸಿದ್ದು ಕನ್ನಡದಲ್ಲಿ, ಶಾಲೆ ತೆರೆದಿದ್ದು ಕನ್ನಡಕ್ಕೆ. 1837ರಲ್ಲಿ ಅವರಿಗೆ ಹುಟ್ಟಿದ ಮಗ ಬಿ.ಎಲ್. ರೈಸ್ ಮುಂದೆ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ತಂದೆಯ ಹೆಸರಿನ ರೈಸ್ ಸ್ಮಾರಕ ಚರ್ಚು ಅವೆನ್ಯೂ ರಸ್ತೆಯ ಗದ್ದಲದ ನಡುವೆ ಇದೆ. ಹಳೆಯ ಪಠ್ಯಪುಸ್ತಕ, ಮದುವೆ ಕಾಗದ, ಸೀರೆಯಂಗಡಿಗಳ ಫಲಕಗಳ ಮಧ್ಯೆ ಹುಡುಕದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ನಗರಪಾಲಿಕೆಯ ಎದುರಿನ ಹಡ್ಸನ್ ಚರ್ಚು ಇದರ ಸೋದರ ಸಂಬಂಧಿ: 1904ರದು, ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಪಾದ್ರಿ ಜೋಸೈಯಾ ಹಡ್ಸನ್ ನೆನಪಿಗೆ ಕಟ್ಟಿದ್ದು. ಅದರ ಮುಂದಿನ ವೃತ್ತದಲ್ಲಿ ಬಸ್ ಕಾಯುವವರು ದಿನಕ್ಕೆ ನೂರು ಸಲ ‘ಹಡ್ಸನ್ ಸರ್ಕಲ್’ ಎನ್ನುತ್ತಾರೆ. ಆ ಹಡ್ಸನ್ ಮೇಷ್ಟರ ಕೆಲಸ ಮಾಡಿದವರೆಂದು ಗೊತ್ತಿರುವವರು ಕಡಿಮೆ. ಕ್ಯಾಥೊಲಿಕ್ ಚರ್ಚುಗಳಲ್ಲಿ ಮಾತ್ರ ಕನ್ನಡ ಸುಲಭವಾಗಿ ಒಳಬರಲಿಲ್ಲ. 1960ರ ದಶಕದಲ್ಲಿ ಲ್ಯಾಟಿನ್ ಹಿಂದೆ ಸರಿದ ಮೇಲೆ, ಪೂಜೆ ಯಾವ ಭಾಷೆಯಲ್ಲಿ ಎಂಬ ಜಗಳ ಬೆಂಗಳೂರಿನಲ್ಲಿ ದಶಕಗಳ ಕಾಲ ನಡೆಯಿತು.

ಎಲ್ಲ ಬಾಗಿಲೂ ನೋಡುಗರಿಗೆ ತೆರೆಯುವುದಿಲ್ಲ. ಕ್ವೀನ್ಸ್ ರಸ್ತೆಯ ಪಾರ್ಸಿಗಳ ಅಗ್ನಿಮಂದಿರ 1926ರದು. ಗೇಟಿನಿಂದ ಕಂಬಗಳ ಮುಂಭಾಗ ಕಾಣುತ್ತದೆ, ಒಳಗಿನ ಬೆಂಕಿ ಕಾಣದು, ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಪಾರ್ಸಿಗಳು ತಂದ ಉದ್ಯಮವನ್ನು ಕಾಣಲು ಅಡ್ಡಿಯೇನಿಲ್ಲ. ಜೆಮ್ಷೆಡ್‌ಜಿ ಟಾಟಾ ರೇಷ್ಮೆ ಸಾಕಿಸಿದ ಜಾಗಕ್ಕೆ ಬಸವನಗುಡಿಯಲ್ಲಿ ಇನ್ನೂ ‘ಟಾಟಾ ಸಿಲ್ಕ್ ಫಾರಂ’ ಎಂದೇ ಹೆಸರು.

ಹಲಸೂರು ಕೆರೆಯ ದಂಡೆಯ ಗುರುದ್ವಾರ ಇದಕ್ಕೆ ತದ್ವಿರುದ್ಧ. 1940ರ ದಶಕದಲ್ಲಿ ಬೆಂಗಳೂರಿನ ಸಿಖ್ಖರು ಕಟ್ಟಿಕೊಂಡ ಆ ಬಿಳಿಯ ಕಟ್ಟಡಕ್ಕೆ ತಲೆಗೊಂದು ಬಟ್ಟೆ ಕಟ್ಟಿ, ಕಾಲು ತೊಳೆದರೆ ಯಾರಿಗಾದರೂ ಪ್ರವೇಶ. ಹೊರಡುವಾಗ ಊಟ ಮಾಡದೆ ಹೋದರೆ ಬಡಿಸುವವರೇ ಬೇಸರಪಡುತ್ತಾರೆ. ಗಾಂಧಿನಗರದ ಮಹಾಬೋಧಿ ಸೊಸೈಟಿ ಕಟ್ಟಿದ್ದು ಮಣಿಪುರದವರಾದ ಆಚಾರ್ಯ ಬುದ್ಧರಕ್ಖಿತರು, 1956ರಲ್ಲಿ. ಎರಡನೇ ಮಹಾಯುದ್ಧವನ್ನು ಹತ್ತಿರದಿಂದ ಕಂಡು ಭಿಕ್ಷುವಾದವರು ಅವರು. ಸುತ್ತ ಸಿನಿಮಾ ಹಂಚಿಕೆದಾರರ ಕಚೇರಿ, ಲಾಡ್ಜು. ಒಳಗೆ ಬೋಧಿವೃಕ್ಷದ ನೆರಳು.

ಬಂದವರೆಲ್ಲ ದೇವರ ಮನೆ ಕಟ್ಟಿಯೇ ತೀರಿದರು ಎನ್ನುವಂತಿಲ್ಲ. 20ನೇ ಶತಮಾನದ ಆರಂಭದಲ್ಲಿ ದಂಡಿನಲ್ಲಿ ಕೆಲವೇ ಯೆಹೂದಿ ಕುಟುಂಬಗಳಿದ್ದವು. ಬಾಗ್ದಾದ್ ಮೂಲದ ರೂಬೆನ್ ಮೋಸೆಸ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾಂತ ಬೂಟಿನ ಅಂಗಡಿ ನಡೆಸುತ್ತಿದ್ದರು. ಸಿನಗಾಗ್ ಕಟ್ಟುವಷ್ಟು ಮಂದಿ ಎಂದೂ ಆಗಲಿಲ್ಲ. ಪ್ರಾರ್ಥನೆ ಮನೆಗಳಲ್ಲೇ ಮುಗಿಯುತ್ತಿತ್ತು. 1904ರಲ್ಲಿ ಮೈಸೂರಿನ ಮಹಾರಾಜರಿಂದ ಸ್ಮಶಾನಕ್ಕೊಂದಿಷ್ಟು ಜಾಗ ಸಿಕ್ಕಿತು. ಬೂಟಿನ ಅಂಗಡಿ ಹೋಗಿ ಬಹಳ ಕಾಲವಾಯಿತು. ಮೈಸೂರು ರಸ್ತೆಯಲ್ಲಿ, ಲಾರಿಗಳ ಹಾರ್ನಿನ ಪಕ್ಕದಲ್ಲಿ, ಹೀಬ್ರೂ ಅಕ್ಷರಗಳ ಕೆಲವು ಡಜನ್ ಗೋರಿಗಳು ಇನ್ನೂ ಇವೆ. ಆಗೀಗ ದೂರದ ದೇಶದಿಂದ ಯಾರಾದರೂ ಅಜ್ಜನ ಹೆಸರು ಹುಡುಕುತ್ತ ಬಂದರೆ, ಗೇಟು ತೆರೆಯುತ್ತದೆ.