ಕೆಂಚನ ಕಾಲು, ಕಾಳಿಯ ಕಲ್ಲು

ಶಾಲೆಯಲ್ಲಿ ಇತಿಹಾಸ ಕಲಿಸುವವಳು ನಾನು. ಗಂಗರ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಸಾಲು ಬರೆಸುತ್ತಿದ್ದೆ: 'ಆತಕೂರು ಶಾಸನ, ಕ್ರಿ.ಶ. 949-50. ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನ ಸಾವು.' ಆತಕೂರು ನಮ್ಮ ಮದ್ದೂರು ತಾಲ್ಲೂಕಿನದೇ. 'ಇದು ಒಂದು ನಾಯಿಯ ನೆನಪಿಗೆ ನೆಟ್ಟ ಕಲ್ಲು' ಎಂದು ಬಾಯಲ್ಲಿ ಹೇಳಿ, ಮಕ್ಕಳು ನಗಲು ಶುರುಮಾಡುವ ಮೊದಲೇ ಪುಟ ತಿರುಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಬರುವುದು ಯುದ್ಧದ ಮೇಲಿನ ಪ್ರಶ್ನೆ, ನಾಯಿಯ ಮೇಲಿನದಲ್ಲವಲ್ಲ! ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಆ ಮೇಲೆ ನಮ್ಮ ಕೆಂಚನ ಕಾಲು ಹೋಯಿತು.

2019ರ ಆಗಸ್ಟ್ ತಿಂಗಳು. ಬೆಳಿಗ್ಗೆ ಹಾಲು ತೆಗೆದುಕೊಂಡವಳು ಗೇಟಿನ ಚಿಲಕ ಹಾಕುವುದನ್ನು ಮರೆತೆ. ಒಲೆಯ ಮೇಲೆ ಉಪ್ಪಿಟ್ಟು, ಶಾಲೆಗೆ ಹೊತ್ತಾಗುವ ಗಾಬರಿ. ಕೆಂಚ ಬೀದಿಗೆ ಓಡಿದ್ದನ್ನು ನಾನು ನೋಡಲಿಲ್ಲ; ಅವನು ಕೂಗಿದ್ದನ್ನು ಮಾತ್ರ ಕೇಳಿದೆ. ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರಾಕ್ಟರಿನ ಗಾಲಿ ಅವನ ಎಡ ಹಿಂಗಾಲಿನ ಮೇಲೆ ಹಾದುಹೋಗಿತ್ತು.

ಕೆಂಚ ಜಾತಿನಾಯಿಯೇನಲ್ಲ. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ನಮ್ಮ ಜಗಲಿ ಹತ್ತಿದ ಬೀದಿಮರಿ. ಮಂಡ್ಯದ ಡಾಕ್ಟರು ನೋಡಿ, 'ಮೂಳೆ ಪುಡಿಯಾಗಿದೆ, ನರವೂ ಉಳಿದಿಲ್ಲ. ಬೆಂಗಳೂರಿಗೆ ಒಯ್ದು ಕಾಲು ತೆಗೆಸಬೇಕು. ಇಲ್ಲವೇ...' ಎಂದು ಮಾತು ನಿಲ್ಲಿಸಿದರು. ಆ 'ಇಲ್ಲವೇ' ಏನೆಂದು ನಮಗೆ ತಿಳಿಯಿತು. ಹಾಲಿನ ನಂಜಮ್ಮ ಅದನ್ನೇ ಬಾಯಿಬಿಟ್ಟು ಹೇಳಿದಳು: 'ಟೀಚರಮ್ಮ, ಮೂರು ಕಾಲಲ್ಲಿ ಅದು ಹೆಂಗೆ ಬಾಳ್ತದೆ? ಒಂದು ಸೂಜಿ ಚುಚ್ಚಿಸಿ ಕಳಿಸಿಬುಡಿ. ಪುಣ್ಯ ಬತ್ತದೆ.' ಅವಳ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಕಾರಣ ಕೆಂಚನಲ್ಲ, ನಮ್ಮಪ್ಪ.

1988ರಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು, ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ನನಗೆ ಹದಿನೆಂಟು ವರ್ಷ. ಅಪ್ಪ ಮನೆಗೆ ಬಂದ ದಿನ ಕಂಬಳಿ ಹೊದ್ದು ನಡುಮನೆಯ ಮಂಚದ ಮೇಲೆ ಕೂತರು. ಎರಡು ವರ್ಷ ಅಲ್ಲಿಂದ ಬೀದಿಗಿಳಿಯಲಿಲ್ಲ. ಆ ಹೊತ್ತಿಗೆ ಜೈಪುರ ಕಾಲು ಬಂದು ಇಪ್ಪತ್ತು ವರ್ಷವಾಗಿತ್ತು. 1968ರಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಎಂಬ ವೈದ್ಯರು ಸೇರಿ ರೂಪಿಸಿದ, ಬರಿಗಾಲಲ್ಲಿ ಗದ್ದೆಗಿಳಿಯಬಹುದಾದ, ಚಕ್ಕಂಬಕ್ಕಲ ಹಾಕಬಹುದಾದ ರಬ್ಬರಿನ ಪಾದ. ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಕಾಲು ಎಂಬ ಶಬ್ದವನ್ನೇ ಎತ್ತಲಿಲ್ಲ. 'ನೋವಾಗುತ್ತಾ ಅಪ್ಪ?' ಎಂದು ಒಂದು ದಿನವಾದರೂ ನಾನು ಕೇಳಲಿಲ್ಲ. ಬಾಗಿಲ ಬಳಿಯಿದ್ದ ಅವರ ಎಡಗಾಲಿನ ಚಪ್ಪಲಿಯನ್ನು ಅಮ್ಮ ಯಾವಾಗಲೋ ಎತ್ತಿಟ್ಟಿದ್ದರು. ಬಲಗಾಲಿನದು ಒಂದೇ ಅಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅಪ್ಪ 1990ರಲ್ಲಿ ತೀರಿಕೊಂಡರು.

ಬೆಂಗಳೂರಿನ ಪಶು ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದ ಮುಂದಿಟ್ಟಾಗ ನನ್ನ ಕಣ್ಣಿಗೆ ಬಂದದ್ದು ಆ ಒಂಟಿ ಚಪ್ಪಲಿ. ಅಪ್ಪನ ಕಾಗದಕ್ಕೆ ಅಪ್ಪನೇ ರುಜು ಹಾಕಿದ್ದರು. ಇವನನ್ನು ಕೇಳುವುದು ಹೇಗೆ? ಚಿಲಕ ಮರೆತವಳೂ ನಾನೇ, ಕಾಲು ತೆಗೆಯಿರಿ ಎಂದು ಬರೆದುಕೊಡುವವಳೂ ನಾನೇ. ನಮ್ಮವರು ಮೆಲ್ಲಗೆ, 'ನಿನ್ನ ಕೈಯಲ್ಲಿ ಆಗದಿದ್ದರೆ ನಾನು ಹಾಕ್ತೀನಿ ಬಿಡು' ಎಂದರು. ಬೇಡವೆಂದು ನಾನೇ ಹಾಕಿದೆ.

ಕೆಂಚನನ್ನು ಒಳಗೆ ಒಯ್ದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತೆ. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರೆ. ನನಗೆ ನೆನಪಿಗೆ ಬಂದದ್ದು ಇಸವಿಗಳು. ಋಗ್ವೇದದಲ್ಲಿ ವಿಶ್ಪಲೆಯ ಪ್ರಸಂಗವಿದೆ. ಕಾಳಗದಲ್ಲಿ ಅವಳ ಕಾಲು ಕತ್ತರಿಸಿ ಹೋದಾಗ ಅಶ್ವಿನೀ ದೇವತೆಗಳು ರಾತ್ರಿಯೇ ಲೋಹದ ಕಾಲು ಜೋಡಿಸಿ ಮತ್ತೆ ಓಡುವಂತೆ ಮಾಡಿದರಂತೆ. ವಿಶ್ಪಲೆ ಹೆಂಗಸಲ್ಲ, ಪಂದ್ಯದ ಕುದುರೆ ಎಂದು ಅರ್ಥ ಮಾಡಿದ ವಿದ್ವಾಂಸರೂ ಇದ್ದಾರೆ. ಹಾಗಿದ್ದರೆ ಪ್ರಾಣಿಯ ಕಾಲಿಗಾಗಿ ದೇವರೇ ಇಳಿದು ಬಂದಂತಾಯಿತು.

ಆದರೆ ಮನುಷ್ಯರ ಪಾಡು ಹಾಗಿರಲಿಲ್ಲ. ಅರಿವಳಿಕೆ ಬರುವವರೆಗೆ ಕಾಲು ಕತ್ತರಿಸುವಾಗ ರೋಗಿಗೆ ಎಲ್ಲವೂ ತಿಳಿಯುತ್ತಿತ್ತು. ನಾಲ್ಕು ಜನ ಹಿಡಿದುಕೊಳ್ಳಬೇಕು, ವೈದ್ಯ ಆದಷ್ಟು ಬೇಗ ಗರಗಸ ಎಳೆಯಬೇಕು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಆವಿಯಿಂದ ರೋಗಿಯೊಬ್ಬನಿಗೆ ನೋವು ತಿಳಿಯದಂತೆ ಮಾಡಿ ತೋರಿಸಿದ. ಅದೇ ಡಿಸೆಂಬರ್ 21ರಂದು ಲಂಡನ್ನಿನಲ್ಲಿ, ಕೈಚಳಕದ ವೇಗಕ್ಕೇ ಹೆಸರಾಗಿದ್ದ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ಒಬ್ಬನ ಕಾಲು ತೆಗೆದ. ನೋವು ಹೋಯಿತು, ಕೀವು ಹೋಗಲಿಲ್ಲ. ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಲೆಕ್ಕವಿಟ್ಟಂತೆ, ಮೊದಲು ಕೈಕಾಲು ತೆಗೆಸಿಕೊಂಡ 35 ಜನರಲ್ಲಿ 16 ಮಂದಿ ಸತ್ತಿದ್ದರು. ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸತೊಡಗಿದ ಮೇಲೆ, 1867ರಿಂದ 1869ರವರೆಗೆ, 40 ಜನರಲ್ಲಿ ಸತ್ತವರು 6 ಮಂದಿ. ಅಷ್ಟು ಜನರ ನೋವಿನ ಫಲವಾಗಿ ಇವತ್ತು ಬೀದಿಯಲ್ಲಿ ಹುಟ್ಟಿದ ನಮ್ಮ ಕೆಂಚ ಒಳಗೆ ಏನೂ ತಿಳಿಯದೆ ಮಲಗಿದ್ದಾನೆ ಎಂದುಕೊಂಡೆ. ಕೈ ನಡುಗುವುದು ಸ್ವಲ್ಪ ಕಡಿಮೆಯಾಯಿತು.

ಮನೆಗೆ ಬಂದ ಮೇಲಿನ ದಿನಗಳನ್ನು ಈಗ ನೆನೆದರೂ ಕಸಿವಿಸಿಯಾಗುತ್ತದೆ. ಎಡತೊಡೆಯ ಕೂದಲೆಲ್ಲ ಬೋಳಿಸಿದ ಜಾಗದಲ್ಲಿ ಉದ್ದನೆಯ ಹೊಲಿಗೆ. ಗಾಯ ನೆಕ್ಕದಿರಲೆಂದು ಕೊರಳಿಗೆ ಪ್ಲಾಸ್ಟಿಕ್ಕಿನ ಮರೆ. ನಮ್ಮದು ಕೆಂಪು ಗಾರೆ ನೆಲ, ಎದ್ದರೆ ಜಾರುತ್ತಿದ್ದ. ಮನೆ ತುಂಬ ಗೋಣಿಚೀಲ ಹಾಸಿದೆ. ಹೊಟ್ಟೆಯಡಿ ಹಳೆಯ ಟವೆಲು ಕೊಟ್ಟು ಎತ್ತಿಹಿಡಿದು ಅಂಗಳಕ್ಕೆ ಕರೆದೊಯ್ಯುತ್ತಿದ್ದೆ. ಅಭ್ಯಾಸಬಲದಿಂದ ದಾಸವಾಳದ ಗಿಡದ ಹತ್ತಿರ ಕಾಲೆತ್ತಲು ಹೋಗಿ ಬಿದ್ದ. ಬಿದ್ದವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅಪ್ಪನ ವಿಷಯದಲ್ಲೂ ನಾನು ಮಾಡಿದ್ದು ಇದನ್ನೇ.

ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಎದ್ದು ಕುಂಯ್‌ಗುಟ್ಟಿ, ಇಲ್ಲದ ಕಾಲಿನ ಜಾಗವನ್ನು ತಿರುಗಿ ನೋಡುತ್ತಿದ್ದ. ಡಾಕ್ಟರಿಗೆ ಫೋನು ಮಾಡಿದೆ. 'ಕತ್ತರಿಸಿದ ನರದ ನೋವು ಇರಬಹುದು, ಔಷಧ ಬದಲಾಯಿಸೋಣ' ಎಂದರು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಮಾಡಿದ ಸೈಲಾಸ್ ವೇರ್ ಮಿಚೆಲ್ ಎಂಬ ವೈದ್ಯ, ಹೋದ ಅಂಗ ಇನ್ನೂ ಇದೆಯೆಂದೇ ಅನ್ನಿಸುವ, ಅದೇ ನೋಯುವ ಈ ಸ್ಥಿತಿಗೆ 1871ರಲ್ಲೇ ಹೆಸರಿಟ್ಟಿದ್ದ. ಅಂದರೆ ನಡುಮನೆಯ ಮಂಚದ ಮೇಲೆ ಅಪ್ಪ ರಾತ್ರಿಯೆಲ್ಲ ಹೊರಳುತ್ತಿದ್ದಾಗ, ಆ ನೋವಿಗೆ ಹೆಸರು ಬಂದು ನೂರು ವರ್ಷ ದಾಟಿತ್ತು. ನಾವು 'ನಿದ್ದೆ ಬರ್ತಿಲ್ಲ ಪಾಪ' ಎಂದುಕೊಂಡು ದೀಪ ಆರಿಸುತ್ತಿದ್ದೆವು.

ಶಾಲೆಗೆ ರಜೆ ಹಾಕುವಾಗ 'ನಾಯಿಗೆ ಆಪರೇಷನ್' ಎಂದು ಬರೆಯಲು ನಾಚಿಕೆಯಾಯಿತು. 'ಬಂಧುಗಳ ಅನಾರೋಗ್ಯ' ಎಂದು ಬರೆದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳುವವಳು! ಅಳು ಬಂದರೆ ಬಚ್ಚಲಮನೆಗೆ ಹೋಗುತ್ತಿದ್ದೆ. ಒಂದು ದಿನ ಅಕ್ಕನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ತಡೆಯಲಾಗದೆ ಬಿಕ್ಕಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪ ಹೋದಾಗಲೂ ನೀನು ಇಷ್ಟು ಅಳಲಿಲ್ಲ ಕಣೇ' ಎಂದಳು. ನನಗೆ ಉತ್ತರ ತೋಚಲಿಲ್ಲ. ಅವಳ ಮಾತು ನಿಜವಾಗಿತ್ತು.

ಹೊಲಿಗೆ ಬಿಚ್ಚಿಸಲು ಮತ್ತೆ ಬೆಂಗಳೂರಿಗೆ ಹೋದೆವು. ಡಾಕ್ಟರು ಕೆಂಚನನ್ನು ಅಂಗಳದಲ್ಲಿ ನಡೆಸಿ ನೋಡಿದರು. 'ನಾಯಿಯ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೇ ಇರುತ್ತೆ ಮೇಡಂ. ಇವನ ಮುಂಗಾಲು ಗಟ್ಟಿಯಾಗಿವೆ. ದಪ್ಪ ಆಗೋಕೆ ಮಾತ್ರ ಬಿಡಬೇಡಿ' ಎಂದರು. ಮಧ್ಯಾಹ್ನ ಕಬ್ಬನ್ ಪಾರ್ಕಿನ ಮರದಡಿ ಬುತ್ತಿ ಬಿಚ್ಚಿದೆವು. ಎದುರಿಗೇ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಆತಕೂರಿನ ಕಲ್ಲು ಇರುವುದು ಅಲ್ಲಿಯೇ ಎಂದು ನೆನಪಾಯಿತು. ಊರು ನಮ್ಮ ಪಕ್ಕದ್ದಾದರೂ ಕಲ್ಲನ್ನು ನಾನು ಕಂಡಿರಲಿಲ್ಲ. 'ಹೋಗಿ ನೋಡಿ ಬಾ, ನಾವಿಬ್ಬರೂ ಇಲ್ಲೇ ಇರ್ತೀವಿ' ಎಂದರು ನಮ್ಮವರು.

ಕಲ್ಲಿನ ಮುಂದೆ ನಿಂತೆ. ಅಕ್ಷರಗಳ ಜೊತೆಯಲ್ಲೇ ನಾಯಿಯೂ ಹಂದಿಯೂ ಸೆಣಸುವ ಕೆತ್ತನೆ. ಬಾಯಿಪಾಠವಾಗಿದ್ದ ಕಥೆಯನ್ನು ಅಲ್ಲಿ ಮತ್ತೊಮ್ಮೆ ಮೊದಲಿನಿಂದ ಹೇಳಿಕೊಂಡೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ. ರಾಜಾದಿತ್ಯನನ್ನು ಕೊಂದ ಗಂಗರ ಇಮ್ಮಡಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳು ಬಂದವು. ಬೂತುಗನ ಕೈಕೆಳಗಿನ ಮಣಲೆರ ಎಂಬ ವೀರನಿಗೂ, ಮೆಚ್ಚಿದೆ, ಬೇಕಾದ್ದು ಕೇಳು ಎಂದ ಚಕ್ರವರ್ತಿ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು, ಭೂಮಿ ದಾನ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದೂ ಬರೆಸಿದರು.

ಇಪ್ಪತ್ತೈದು ವರ್ಷ ನಾನು ಬಿಟ್ಟುಬಿಟ್ಟಿದ್ದ ಒಂದು ಸಂಗತಿ ಆಗ ಹೊಳೆಯಿತು. ಕಾಳಿಯನ್ನು ಹಂದಿಯ ಮೇಲೆ ಬಿಟ್ಟವನು ಮಣಲೆರನೇ. ಅಷ್ಟು ಆಸೆಪಟ್ಟು ಪಡೆದ ನಾಯಿ ಅವನ ಕೈಯಿಂದಲೇ ಸಾವಿಗೆ ಹೋಯಿತು. ಅವನು ಅತ್ತನೋ ಇಲ್ಲವೋ ಶಾಸನ ಹೇಳುವುದಿಲ್ಲ. ಆದರೆ ಬಿಟ್ಟದ್ದನ್ನು ಮುಚ್ಚಿಡಲಿಲ್ಲ. ನಾಯಿಯ ಹೆಸರು ಹೇಳಿ, ಊರ ಗುಡಿಯ ಮುಂದೆ, ಹೋಗಿಬರುವವರೆಲ್ಲ ಕಾಣುವಂತೆ ನಿಲ್ಲಿಸಿದರು. ಆ ಕಲ್ಲು ನಮಗೆ ಯುದ್ಧದ ಸುದ್ದಿ ತಲುಪಿಸಿದ್ದೂ ಆ ನಾಯಿಯ ನೆನಪಿನ ದೆಸೆಯಿಂದಲೇ. ನಾನೋ, ಕೆಂಚನ ಹೆಸರನ್ನು ರಜೆಚೀಟಿಯಲ್ಲಿ ಬರೆಯಲೂ ಹಿಂಜರಿದಿದ್ದೆ.

ಆ ರಾತ್ರಿ ಅಕ್ಕನಿಗೆ ನಾನೇ ಫೋನು ಮಾಡಿದೆ. 'ಅಪ್ಪನ ಎಡಗಾಲಿನ ಚಪ್ಪಲಿ ಅಮ್ಮ ಏನು ಮಾಡಿದರು, ನಿನಗೆ ಗೊತ್ತಾ?' ಎಂದು ಕೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಅಕ್ಕ, 'ಅಟ್ಟದ ಮೇಲಿನ ಟ್ರಂಕಿನಲ್ಲಿ ಸೀರೆ ಅಡಿಯಲ್ಲಿತ್ತು. ಅಮ್ಮ ಹೋದ ಮೇಲೆ ನಾನು ನೋಡಿದೆ. ನಿನಗೆ ಹೇಳಲಿಲ್ಲ' ಎಂದಳು. ಇಬ್ಬರೂ ಅತ್ತೆವು. ನಮ್ಮಿಬ್ಬರ ನಡುವೆ ಅಪ್ಪನ ಕಾಲಿನ ಮಾತು ಬಂದದ್ದು ಅದೇ ಮೊದಲು. ಮೂವತ್ತೊಂದು ವರ್ಷ ಬೇಕಾಯಿತು.

ಆ ಸಲ ಗಂಗರ ಪಾಠದಲ್ಲಿ ಕಾಳಿಯ ಕಥೆಯನ್ನು ಪೂರ್ತಿ ಹೇಳಿದೆ, ಕಿರುಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯನ್ನೂ ಕೊಟ್ಟೆ. ರಜೆ ಯಾಕೆ ಹಾಕಿದ್ದೆನೆಂದೂ ಮಕ್ಕಳಿಗೆ ಹೇಳಿದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮಿಸ್, ನಮ್ಮ ತಾತನಿಗೂ ಒಂದು ಕಾಲಿಲ್ಲ' ಎಂದಳು. 'ನೋಯುತ್ತಾ ಅಂತ ಕೇಳಿದ್ದೀಯಾ?' ಎಂದೆ. ಇಲ್ಲವೆಂದು ತಲೆಯಾಡಿಸಿದಳು. 'ಇವತ್ತು ಹೋಗಿ ಕೇಳು' ಎಂದೆ.

ಕೆಂಚನಿಗೆ ಈಗ ವಯಸ್ಸಾಗಿದೆ, ಮೂತಿ ನರೆತಿದೆ. ಗೋಣಿಚೀಲಗಳನ್ನು ಮತ್ತೆ ಹಾಸಿದ್ದೇನೆ. ಗೇಟಿನ ಚಿಲಕವನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಆ ಅಂಜಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ಎಡಗಿವಿ ತುರಿಸಿದಾಗ ಇಂದಿಗೂ ಅವನು ತಲೆ ವಾಲಿಸಿ ಕಣ್ಣು ಮುಚ್ಚುತ್ತಾನೆ. ಕಾಲಿಲ್ಲದ ಆ ತೊಡೆ ಪಟಪಟನೆ ಅಲ್ಲಾಡುತ್ತದೆ. ಮೊದಲೆಲ್ಲ ಅದನ್ನು ಕಂಡರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ಕೈಯಲ್ಲಿನ ಉತ್ತರಪತ್ರಿಕೆ ಕೆಳಗಿಟ್ಟು, ಹತ್ತಿರ ಕೂತು, ಅವನ ಕಿವಿ ಕೆರೆಯುತ್ತೇನೆ.